ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ

ಕನ್ನಡ ಅಧ್ಯಾಪಕನ ಪಾಲಿಗೆ ಪಂಪ, ರನ್ನ, ಕುಮಾರವ್ಯಾಸರ ಜೊತೆಗೆ ಅರ್ಜಿಯೂ ಬಂದಿದೆ. ಎಂ.ಎ. ಓದುವಾಗ ಈ ಗುಟ್ಟನ್ನು ನನಗೆ ಯಾರೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿಯೇ ಗೊತ್ತಾಯಿತು. ಕಪ್ಪು ಹಲಗೆಯ ಎಡಗಡೆಗೆ 'ಇಂದ', ಅದರ ಕೆಳಗೆ 'ಗೆ', ನಡುವೆ 'ವಿಷಯ', ಅನಂತರ 'ಮಾನ್ಯರೇ', ಅನಂತರ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ', ಕೊನೆಗೆ 'ತಮ್ಮ ವಿಧೇಯ'. ಇದನ್ನು ನಾನು ಹದಿನೆಂಟು ವರ್ಷಗಳಿಂದ ಬರೆದು ಒರೆಸುತ್ತಿದ್ದೇನೆ. ಕಾವ್ಯವನ್ನು ಕೇಳಿ ಆಕಳಿಸುವ ಹುಡುಗರು ಕೂಡ ಅರ್ಜಿಯ ದಿನ ನೆಟ್ಟಗೆ ಕುಳಿತು ಬರೆದುಕೊಳ್ಳುತ್ತಾರೆ. ಪಂಪನಿಲ್ಲದೆ ಬದುಕಬಹುದು, ಅರ್ಜಿಯಿಲ್ಲದೆ ಈ ದೇಶದಲ್ಲಿ ಬದುಕಲಾಗದೆಂಬುದು ಅವರಿಗೂ ತಿಳಿದಿದೆ.

ಹೋದ ವರ್ಷದ ಕಿರುಪರೀಕ್ಷೆಯಲ್ಲಿ ಎಂದಿನಂತೆ ಒಂದು ಪ್ರಶ್ನೆ ಕೊಟ್ಟಿದ್ದೆ: 'ನಿಮ್ಮ ಬಡಾವಣೆಗೆ ಹದಿನೈದು ದಿನಗಳಿಂದ ನೀರು ಬಂದಿಲ್ಲ. ನಗರಸಭೆಯ ಆಯುಕ್ತರಿಗೆ ಅರ್ಜಿ ಬರೆಯಿರಿ. ಐದು ಅಂಕ.' ಎಲ್ಲರೂ ಬೇಡಿಕೊಂಡಿದ್ದರು. ಕೆಲವರು 'ತಮ್ಮ ಪಾದಗಳಿಗೆ ನಮಸ್ಕರಿಸಿ' ಎಂದೂ ಸೇರಿಸಿದ್ದರು. ಬಿ.ಎ. ಎರಡನೆಯ ವರ್ಷದ ಒಬ್ಬ ಹುಡುಗಿ ಮಾತ್ರ ನಾಲ್ಕೇ ಸಾಲು ಬರೆದಿದ್ದಳು. ನಾವು ತೆರಿಗೆ ಕಟ್ಟಿದ್ದೇವೆ. ಹದಿನೈದು ದಿನದಿಂದ ನೀರು ಬಂದಿಲ್ಲ. ಕಾರಣವೇನು, ಯಾವ ದಿನ ಬಿಡುತ್ತೀರಿ ಎಂಬುದನ್ನು ಒಂದು ವಾರದೊಳಗೆ ಬರೆದು ತಿಳಿಸಿ. ಇಂತಿ, ಈ ಊರಿನ ಒಬ್ಬ ನಾಗರಿಕಳು. ಇಷ್ಟೇ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ನಾನು ಕೆಂಪು ಮಸಿಯಲ್ಲಿ 'ವಿನಯ ಸಾಲದು' ಎಂದು ಬರೆದು ಎರಡು ಅಂಕ ಕೊಟ್ಟೆ.

ಮಾರನೆಯ ದಿನ ಅವಳು ಉತ್ತರಪತ್ರಿಕೆಯನ್ನು ಹಿಡಿದುಕೊಂಡು ಬಂದಳು.

"ಸಾರ್, ಇದರಲ್ಲಿ ತಪ್ಪೇನಿದೆ?"

"ತಪ್ಪೇನಿಲ್ಲ ಕಣಮ್ಮ. ಆದರೆ ಅರ್ಜಿ ಅಂದಮೇಲೆ ಕೇಳಿಕೊಳ್ಳಬೇಕು. ನೀನು ಜಬರ್ದಸ್ತಿ ಮಾಡಿದ್ದೀಯ."

"ನೀರು ಬಿಡೋದು ಅವರ ಕೆಲಸ ಅಲ್ವಾ ಸಾರ್? ಅವರ ಕೆಲಸ ಅವರು ಮಾಡೋದಕ್ಕೆ ನಾವು ಯಾಕೆ ಬೇಡಿಕೋಬೇಕು?"

"ಪದ್ಧತಿ ಹಾಗಿದೆ," ಎಂದೆ. ಉತ್ತರ ಗೊತ್ತಿಲ್ಲದ ಅಧ್ಯಾಪಕರಿಗೆಲ್ಲ ದೇವರು ಕೊಟ್ಟಿರುವ ಉತ್ತರ ಅದು. ಅವಳು "ಸರಿ ಸಾರ್" ಎಂದು ಹೊರಟುಹೋದಳು. ಜಗಳವಾಡಿದ್ದರೆ ನಾನು ಅದನ್ನು ಅಂದೇ ಮರೆಯುತ್ತಿದ್ದೆನೋ ಏನೋ.

ಅಂದು ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಈ ಪ್ರಸಂಗವನ್ನು ನಮ್ಮ ರಾಜ್ಯಶಾಸ್ತ್ರದ ಮಿತ್ರರಿಗೆ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. "ನೋಡಿ, ಸಾಮ್ರಾಜ್ಯ ಹೋದ ಮೇಲೆ ಹುಟ್ಟಿದ ದೇಶಗಳಲ್ಲಿ ಪ್ರಜಾಪ್ರಭುತ್ವ ಯಾಕೆ ಮುಗ್ಗರಿಸಿತು ಅಂತ ನಾನು ಒಂದು ಇಡೀ ಸೆಮಿಸ್ಟರ್ ಪಾಠ ಮಾಡುತ್ತೇನೆ. ನಿಮ್ಮ ಹುಡುಗಿ ಅದನ್ನು ನಾಲ್ಕು ಸಾಲಿನಲ್ಲಿ ಕೇಳಿದ್ದಾಳೆ. ನೀವು ಎರಡು ಅಂಕ ಕೊಟ್ಟಿದ್ದೀರಿ," ಎಂದರು. ಆಮೇಲೆ ಅವರು ನನಗೆ ಎರಡು ಅರ್ಜಿಗಳ ಕಥೆ ಹೇಳಿದರು. ಅವನ್ನು ವಾಚಕರಿಗೂ ಹೇಳಬೇಕೆನಿಸಿದೆ.

ಮೊದಲನೆಯದು ನಮ್ಮ ನೆರೆಯ ಪಾಕಿಸ್ತಾನದ್ದು. ೧೯೪೭ರಲ್ಲಿ ಅದೂ ನಾವೂ ಒಂದೇ ಮನೆಯಿಂದ ಪಾಲು ಪಡೆದು ಹೊರಬಂದೆವು. ಎರಡೂ ಕಡೆ ರಾಜ್ಯಾಂಗ ಸಭೆ ಕುಳಿತಿತು. ನಮ್ಮದು ಮೂರು ವರ್ಷ ತುಂಬುವುದರೊಳಗೆ ಕೆಲಸ ಮುಗಿಸಿತು. ಅವರದು ಏಳು ವರ್ಷ ಎಳೆದಾಡಿ, ೧೯೫೪ರಲ್ಲಿ ಇನ್ನೇನು ಕರಡು ಸಿದ್ಧವಾಯಿತು ಎನ್ನುವಷ್ಟರಲ್ಲಿ, ಅಕ್ಟೋಬರ್ ೨೪ರಂದು ಗವರ್ನರ್ ಜನರಲ್ ಗುಲಾಂ ಮಹಮ್ಮದರು ಆ ಸಭೆಯನ್ನೇ ವಿಸರ್ಜಿಸಿಬಿಟ್ಟರು. ಸಭೆಯ ಅಧ್ಯಕ್ಷರು ಪೂರ್ವ ಬಂಗಾಳದ ತಮೀಜುದ್ದೀನ್ ಖಾನರು. ಅವರು ಸಿಂಧ್ ಪ್ರಾಂತದ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿಕೊಂಡರು, ಗೆದ್ದರು. ಸರ್ಕಾರ ಫೆಡರಲ್ ಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಾಧೀಶ ಮುನೀರ್ ಅವರ ನ್ಯಾಯಪೀಠ ೧೯೫೫ರ ಮಾರ್ಚಿಯಲ್ಲಿ ತೀರ್ಪು ಕೊಟ್ಟಿತು. ಸಭೆಯನ್ನು ವಿಸರ್ಜಿಸಿದ್ದು ಸರಿಯೋ ತಪ್ಪೋ ಎಂಬ ಮುಖ್ಯ ಪ್ರಶ್ನೆಗೆ ಅವರು ಹೋಗಲೇ ಇಲ್ಲ. ಇಂಥ ಅರ್ಜಿಗಳನ್ನು ವಿಚಾರಿಸುವ ಅಧಿಕಾರವನ್ನು ಉಚ್ಚ ನ್ಯಾಯಾಲಯಗಳಿಗೆ ಕೊಟ್ಟ ಕಾಯಿದೆಗೆ ಗವರ್ನರ್ ಜನರಲ್ಲರ ಸಹಿ ಇಲ್ಲ. ಸಹಿಯಿಲ್ಲದ ಕಾಯಿದೆ ಕಾಯಿದೆಯಲ್ಲ. ಆದುದರಿಂದ ಅರ್ಜಿಯೇ ನಿಲ್ಲುವುದಿಲ್ಲ, ಎಂದರು. ರಾಜ್ಯಾಂಗ ಸಭೆ ಮಾಡಿದ ಕಾಯಿದೆಗೆ ಸಭಾಧ್ಯಕ್ಷರ ಸಹಿಯೇ ಸಾಕೆಂದು ಅಲ್ಲಿಯವರೆಗೆ ವರ್ಷಗಟ್ಟಲೆ ನಡೆದುಬಂದಿತ್ತು. ಆ ರೂಢಿ ಲೆಕ್ಕಕ್ಕೆ ಬರಲಿಲ್ಲ. ಜನರ ಪ್ರತಿನಿಧಿಗಳನ್ನು ಮನೆಗೆ ಕಳಿಸಿದವನ ಮೇಲೆ ದೂರು ಕೊಡಬೇಕಾದರೆ ಅವನ ಸಹಿಯೇ ಬೇಕು!

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ೧೯೫೬ರಲ್ಲಿ ಅಂತೂ ಒಂದು ರಾಜ್ಯಾಂಗ ಬಂತು. ೧೯೫೮ರ ಅಕ್ಟೋಬರಿನಲ್ಲಿ ಅದನ್ನು ರದ್ದುಮಾಡಿ ಸೈನ್ಯದ ಆಡಳಿತ ತಂದರು. ದೇಶದುದ್ದಕ್ಕೂ ವಯಸ್ಕರೆಲ್ಲರೂ ಮತ ಹಾಕಿ ತಮ್ಮ ಶಾಸನಸಭೆಯನ್ನು ಆರಿಸಿದ ಮೊದಲ ಚುನಾವಣೆ ನಡೆದದ್ದು ೧೯೭೦ರಲ್ಲಿ, ಸ್ವಾತಂತ್ರ್ಯ ಬಂದು ಇಪ್ಪತ್ಮೂರು ವರ್ಷಗಳ ಮೇಲೆ. ಅದರಲ್ಲಿ ಪೂರ್ವದವರು ಬಹುಮತ ಪಡೆದರು, ಅಧಿಕಾರ ಕೊಡಲಿಲ್ಲ, ದೇಶವೇ ಎರಡಾಯಿತು. ಇಂದಿನವರೆಗೆ ಅಲ್ಲಿ ಒಬ್ಬ ಪ್ರಧಾನಿಯೂ ಐದು ವರ್ಷದ ತನ್ನ ಅವಧಿಯನ್ನು ಪೂರೈಸಿಲ್ಲ.

ಎರಡನೆಯ ಕಥೆ ದೂರದ್ದು; ಆದರೆ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಅದೇ. ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ 'ಗೋಲ್ಡ್ ಕೋಸ್ಟ್' ಎಂಬ ಬ್ರಿಟಿಷ್ ವಸಾಹತಿತ್ತು. ಅಲ್ಲಿ ಜೆ.ಬಿ. ಡಾಂಕ್ವಾ ಎಂಬ ದೊಡ್ಡ ವಕೀಲರಿದ್ದರು. ಅವರೂ ಅವರ ಗೆಳೆಯರೂ ೧೯೪೭ರಲ್ಲಿ ಕಟ್ಟಿದ ಪಕ್ಷಕ್ಕೆ ಕಾರ್ಯದರ್ಶಿಯಾಗಿ ವಿದೇಶದಲ್ಲಿದ್ದ ಒಬ್ಬ ತರುಣರನ್ನು ಕರೆಸಿಕೊಂಡರು. ಅವರೇ ಕ್ವಾಮೆ ಎನ್‌ಕ್ರೂಮಾ. ೧೯೪೮ರಲ್ಲಿ ಬ್ರಿಟಿಷರು ಇಬ್ಬರನ್ನೂ ಒಟ್ಟಿಗೆ ಬಂಧಿಸಿದರು. ಆಮೇಲೆ ದಾರಿ ಬೇರೆಯಾಯಿತು. ಎನ್‌ಕ್ರೂಮಾ ತಮ್ಮದೇ ಪಕ್ಷ ಕಟ್ಟಿ, ೧೯೫೧ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಚುನಾವಣೆ ಗೆದ್ದು ಹೊರಬಂದರು. ೧೯೫೭ರ ಮಾರ್ಚ್ ೬ರಂದು ಆ ನಾಡು ಸ್ವತಂತ್ರವಾಯಿತು. ಅದಕ್ಕೆ 'ಘಾನಾ' ಎಂಬ ಪುರಾತನ ಹೆಸರನ್ನು ಸೂಚಿಸಿದ ಕೀರ್ತಿಯನ್ನು ಜನ ಡಾಂಕ್ವಾ ಅವರಿಗೇ ಕೊಡುತ್ತಾರೆ.

ಸ್ವಾತಂತ್ರ್ಯದ ಮರುವರ್ಷವೇ, ೧೯೫೮ರಲ್ಲಿ, ಯಾರನ್ನು ಬೇಕಾದರೂ ವಿಚಾರಣೆಯಿಲ್ಲದೆ ಐದು ವರ್ಷದವರೆಗೆ ಕೂಡಿಹಾಕಬಹುದಾದ ಕಾಯಿದೆ ಬಂತು. ಹಾಗೆ ಸೆರೆಯಾದವರ ಪರವಾಗಿ ಡಾಂಕ್ವಾ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದರು. ಅಧ್ಯಕ್ಷರು ಪದವಿ ಸ್ವೀಕರಿಸುವಾಗ ಜನರ ಸ್ವಾತಂತ್ರ್ಯವನ್ನು ಕಾಪಾಡುತ್ತೇನೆಂದು ಘೋಷಣೆ ಮಾಡಬೇಕೆಂದು ರಾಜ್ಯಾಂಗದಲ್ಲಿದೆ, ಈ ಕಾಯಿದೆ ಅದಕ್ಕೆ ವಿರುದ್ಧ, ಎಂಬುದು ಅವರ ವಾದ. ೧೯೬೧ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ ಘೋಷಣೆ ರಾಜರ ಪಟ್ಟಾಭಿಷೇಕದ ಪ್ರತಿಜ್ಞೆಯಂತೆ, ಮನಸ್ಸಾಕ್ಷಿಯನ್ನು ಕಟ್ಟುತ್ತದೆಯೇ ಹೊರತು ಕಾನೂನಿನಂತೆ ಕಟ್ಟುವುದಿಲ್ಲ ಎಂದಿತು. ಅದೇ ವರ್ಷ ಡಾಂಕ್ವಾ ಅವರೇ ಸೆರೆಮನೆ ಸೇರಿದರು. ಮಧ್ಯೆ ಬಿಟ್ಟು, ೧೯೬೪ರಲ್ಲಿ ಮತ್ತೆ ಹಿಡಿದರು. ಆ ವರ್ಷವೇ ಘಾನಾ ಒಂದೇ ಪಕ್ಷದ ದೇಶವಾಯಿತು.

ನ್‌ಸಾವಂ ಸೆರೆಮನೆಯ ಕೋಣೆಯಿಂದ ಆ ಹಿರಿಯರು ತಮ್ಮ ಹಳೆಯ ಒಡನಾಡಿಗೆ, ಈಗ ರಾಷ್ಟ್ರಾಧ್ಯಕ್ಷರಾಗಿದ್ದವರಿಗೆ, ಪತ್ರ ಬರೆದರು. ತಮ್ಮನ್ನು ಇಟ್ಟಿರುವ ರೀತಿಯನ್ನು ವಿವರಿಸಿ ಬಿಡುಗಡೆಯನ್ನು ಕೇಳಿದರು. ಅರ್ಜಿ ಎಂದರೆ ಅದು ಅರ್ಜಿ. ಉಪಯೋಗವಾಗಲಿಲ್ಲ. ೧೯೬೫ರ ಫೆಬ್ರವರಿಯಲ್ಲಿ ಡಾಂಕ್ವಾ ಆ ಸೆರೆಮನೆಯಲ್ಲೇ ತೀರಿಕೊಂಡರು. ಮರುವರ್ಷ ಅದೇ ಫೆಬ್ರವರಿಯಲ್ಲಿ, ಎನ್‌ಕ್ರೂಮಾ ವಿದೇಶ ಪ್ರವಾಸದಲ್ಲಿದ್ದಾಗ, ಸೈನ್ಯ ಮತ್ತು ಪೊಲೀಸು ಸೇರಿ ಅವರನ್ನು ಪದಚ್ಯುತಗೊಳಿಸಿದವು. ಅವರು ಮತ್ತೆ ತಾಯ್ನಾಡಿಗೆ ಬಂದದ್ದು ಶವವಾಗಿ.

"ಇದರಲ್ಲಿ ಎನ್‌ಕ್ರೂಮಾ ಕೆಟ್ಟವರು, ಡಾಂಕ್ವಾ ಒಳ್ಳೆಯವರು ಎಂದು ಮುಗಿಸಿಬಿಡಬೇಡಿ," ಎಂದರು ಮಿತ್ರರು. "ಎನ್‌ಕ್ರೂಮಾ ಅವರ ಮೇಲೆ ಬಾಂಬು ಬಿದ್ದದ್ದೂ ನಿಜ, ಅವರು ಶಾಲೆ, ಅಣೆಕಟ್ಟು ಕಟ್ಟಿಸಿದ್ದೂ ನಿಜ. ವಿಷಯ ಏನೆಂದರೆ, ದೊರೆ ಹೋದ. ದೊರೆಯ ಬೀಗದ ಕೈಗಳು ಮಾತ್ರ ಗೂಟದಲ್ಲೇ ನೇತಾಡುತ್ತಿದ್ದವು. ಬಂದವರು ತೆಗೆದುಕೊಂಡರು."

ನಮ್ಮ ಮನೆಯ ಗೂಟವನ್ನು ನೋಡಿದರೂ ಅಷ್ಟೇ. ವಿಚಾರಣೆಯಿಲ್ಲದೆ ಬಂಧಿಸುವ ಅಧಿಕಾರವನ್ನು ಕುಂಪಣಿಯವರು ಬಂಗಾಳದಲ್ಲಿ ೧೮೧೮ರಲ್ಲಿ ಮಾಡಿಕೊಂಡರು. ಗಣರಾಜ್ಯವಾಗಿ ತಿಂಗಳು ತುಂಬಿದ ಹಾಗೆಯೇ, ೧೯೫೦ರ ಫೆಬ್ರವರಿಯಲ್ಲಿ, ಅಂಥದೇ ಒಂದು ಕಾಯಿದೆಯನ್ನು ನಾವೂ ಮಾಡಿಕೊಂಡೆವು. ಸಿಪಾಯಿ ದಂಗೆಯ ಭಯದಿಂದ ೧೮೬೧ರಲ್ಲಿ ಬಂದ ಪೊಲೀಸು ಕಾಯಿದೆ ಸ್ವಾತಂತ್ರ್ಯದೊಂದಿಗೆ ಹೋಗಲಿಲ್ಲ. ೧೮೭೦ರಲ್ಲಿ ದಂಡಸಂಹಿತೆಗೆ ಸೇರಿಸಿದ ರಾಜದ್ರೋಹದ ಕಲಮಿನಡಿ ೧೯೦೮ರಲ್ಲಿ ತಿಲಕರಿಗೂ ೧೯೨೨ರಲ್ಲಿ ಗಾಂಧೀಜಿಯವರಿಗೂ ಆರಾರು ವರ್ಷದ ಶಿಕ್ಷೆಯಾಗಿತ್ತು. ರಾಜನೇ ಇಲ್ಲದ ದೇಶದಲ್ಲಿ ಆ ರಾಜದ್ರೋಹ ಎಪ್ಪತ್ತು ವರ್ಷ ಮೀರಿ ಬಾಳಿತು. ೨೦೨೨ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯಿತು. ೨೦೨೪ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಹೆಸರು ಹೋಗಿದೆ. ಅದನ್ನು ಹೋಲುವ ಬೇರೊಂದು ಕಲಮು ಬಂದಿದೆ. ೧೯೭೫ರ ಜೂನ್‌ನಿಂದ ೧೯೭೭ರ ಮಾರ್ಚ್‌ವರೆಗಿನ ತುರ್ತುಪರಿಸ್ಥಿತಿಯಲ್ಲಿ ಈ ಬೀಗದ ಕೈಗಳೆಲ್ಲ ಎಷ್ಟು ಸಲೀಸಾಗಿ ತಿರುಗಿದುವೆಂಬುದನ್ನು ನಮ್ಮ ತಂದೆಯ ಪೀಳಿಗೆಯವರು ಕಂಡಿದ್ದಾರೆ.

ಮಿತ್ರರು ಇದನ್ನೆಲ್ಲ ಕಾಯಿದೆಯ ಕಡೆಯಿಂದ ಹೇಳಿದರು. ಅಂದು ರಾತ್ರಿ ನನಗೆ ನಿದ್ದೆ ಬಾರದೆ ಮಾತಿನ ಕಡೆಯಿಂದ ಯೋಚಿಸಿದೆ. ನನ್ನ ಕಸುಬು ಅದೇ ತಾನೆ? ಅರ್ಜಿ, ಸರ್ಕಾರ, ದರಖಾಸ್ತು, ಕಚೇರಿ, ಹುಕುಂ ಇವು ಪಾರಸಿ ದರ್ಬಾರಿನ ನಂಟಿನಿಂದ ಬಂದ ಮಾತುಗಳು. ಸುಲ್ತಾನರಿಂದ ಕುಂಪಣಿಗೆ, ಕುಂಪಣಿಯಿಂದ ನಮಗೆ, ಕೈ ಬದಲಾಯಿತು, ನಾಲಗೆ ಬದಲಾಗಲಿಲ್ಲ. 'ತಮ್ಮ ಆಜ್ಞಾಧಾರಕ ಸೇವಕ' ಎನ್ನುವುದು ಇಂಗ್ಲಿಷರ ಪತ್ರದಿಂದ ಇಳಿದದ್ದು. ವಿನೋದವೆಂದರೆ, ಇಂಗ್ಲೆಂಡಿನಲ್ಲಿ ಅಧಿಕಾರಿಯೇ ಸಾಮಾನ್ಯನಿಗೆ ಬರೆಯುವಾಗಲೂ ಹಾಗೆ ಮುಗಿಸುತ್ತಿದ್ದ. ಅವರಿಗೆ ಅದೊಂದು ಉಪಚಾರ. ನಮಗೆ ಅದು ನಿಜವಾಯಿತು.

ಇನ್ನು 'ಪ್ರಜೆ'. ಸಂಸ್ಕೃತದಲ್ಲಿ ಪ್ರಜೆ ಎಂದರೆ ಮೊದಲು ಮಕ್ಕಳು, ಸಂತಾನ. ಆಮೇಲೆ ರಾಜನ ಆಳಿಕೆಗೆ ಒಳಪಟ್ಟವರು. ರಾಜ ತಂದೆ, ನಾವು ಮಕ್ಕಳು. ಆ ಮಾತಿಗೇ 'ಪ್ರಭುತ್ವ'ವನ್ನು ಅಂಟಿಸಿ 'ಪ್ರಜಾಪ್ರಭುತ್ವ' ಮಾಡಿಕೊಂಡಿದ್ದೇವೆ. ಮಕ್ಕಳೇ ಯಜಮಾನರು ಎಂದ ಹಾಗೆ. ಸೊಗಸಾದ ಸಮಾಸ; ಆದರೆ ಅದರೊಳಗೆ ಪೂರ್ವಪದವೂ ಉತ್ತರಪದವೂ ಇನ್ನೂ ಒಂದನ್ನೊಂದು ಗುರಾಯಿಸಿ ನೋಡುತ್ತಿವೆ.

ನಮ್ಮ ಮೈಸೂರಿನ ಸಂಗತಿಯನ್ನೇ ನೋಡಿ. ೧೮೮೧ರಲ್ಲಿಯೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ದಸರೆಯ ಕಾಲಕ್ಕೆ ಊರೂರಿನ ಜಮೀನುದಾರರೂ ವರ್ತಕರೂ ಬಂದು ಕುಳಿತು, ದಿವಾನರ ಭಾಷಣ ಕೇಳಿ, ಕೆರೆ, ರಸ್ತೆ, ಕಂದಾಯಗಳ ಅಹವಾಲು ಹೇಳಿಕೊಂಡು ಹೋಗುತ್ತಿದ್ದರು. ನಾವು ಹೆಮ್ಮೆಪಡಬೇಕಾದದ್ದೇ, ಆದರೆ ಹೇಳಿಕೊಳ್ಳುವ ಹಕ್ಕು ಅವರದು, ತೀರ್ಮಾನಿಸುವ ಹಕ್ಕು ಅರಮನೆಯದು. ಅರವತ್ತಾರು ವರ್ಷಗಳ ಅನಂತರ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ, ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರಿನ ಜನ 'ಮೈಸೂರು ಚಲೋ' ಎಂದು ಹೊರಡಬೇಕಾಯಿತು. ೧೯೪೭ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅಹವಾಲು ಹೇಳುವುದಕ್ಕೂ ಆಳುವುದಕ್ಕೂ ನಡುವೆ ಅಷ್ಟು ದೂರವಿತ್ತು.

ಅಂಬೇಡ್ಕರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಈ ನೆಲದ ಗುಣ ಪ್ರಜಾಪ್ರಭುತ್ವದ್ದಲ್ಲ, ನಾವು ಹಾಕುತ್ತಿರುವುದು ಮೇಲುಮಣ್ಣು ಮಾತ್ರ ಎಂಬ ಅರ್ಥದ ಮಾತನ್ನು ಅವರು ೧೯೪೮ರಲ್ಲೇ ರಾಜ್ಯಾಂಗ ಸಭೆಯಲ್ಲಿ ಆಡಿದ್ದರು. ಮರುವರ್ಷದ ನವೆಂಬರಿನಲ್ಲಿ, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರದ ದಾರಿ ಎಂದು ಎಚ್ಚರಿಸಿದರು. ಆದರೂ ಆ ತೆಳುವಾದ ಮಣ್ಣಿನಲ್ಲಿ ಬೆಳೆ ಬಂತು. ೧೯೫೧-೫೨ರ ಮೊದಲ ಚುನಾವಣೆಯ ಪಟ್ಟಿಯಲ್ಲಿ ಹದಿನೇಳು ಕೋಟಿಗೂ ಹೆಚ್ಚು ಹೆಸರಿದ್ದವು. ಬಹುಪಾಲು ಜನ ಓದು ಬರಹ ತಿಳಿಯದವರು. ಆಗ ಸುಮಾರು ಇಪ್ಪತ್ತೆಂಟು ಲಕ್ಷ ಹೆಂಗಸರನ್ನು, ಮುಖ್ಯವಾಗಿ ಉತ್ತರದ ಪ್ರಾಂತಗಳಲ್ಲಿ, ಪಟ್ಟಿಯಿಂದ ಬಿಡಬೇಕಾಯಿತು. ಅವರು ತಮ್ಮ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಚುನಾವಣಾ ಆಯುಕ್ತ ಸುಕುಮಾರ ಸೇನರು ಪಟ್ಟು ಹಿಡಿದರು: ಮತ ಹಾಕಬೇಕಾದರೆ ನಿನಗೊಂದು ಹೆಸರಿರಬೇಕು. ಆ ಪಟ್ಟು ಕ್ರೂರವೆಂದು ಮೊದಲು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ನಮ್ಮ ಹುಡುಗಿ 'ತಮ್ಮ ವಿಧೇಯಳು' ಎನ್ನದೆ 'ಒಬ್ಬ ನಾಗರಿಕಳು' ಎಂದು ಬರೆದದ್ದು ಆ ಹೆಸರಿನ ಮುಂದಿನ ಹೆಜ್ಜೆಯಲ್ಲವೆ?

ಇಷ್ಟೆಲ್ಲ ಯೋಚಿಸಿದವನು ಮಾರನೆಯ ದಿನ ಅವಳಿಗೆ ಐದು ಅಂಕ ಕೊಟ್ಟಿರಬೇಕೆಂದು ವಾಚಕರು ಊಹಿಸಿದ್ದರೆ, ಅವರು ಅಧ್ಯಾಪಕರನ್ನು ಬಲ್ಲವರಲ್ಲ. ಅಂಕಪಟ್ಟಿ ಆಗಲೇ ಕಚೇರಿ ಸೇರಿತ್ತು. ಇರಲಿ, ಹೇಳಬೇಕಾದ ವಿಷಯ ಅದಕ್ಕಿಂತ ಕೆಟ್ಟದ್ದಿದೆ.

ಎರಡು ತಿಂಗಳಾದ ಮೇಲೆ ಹನ್ನೊಂದು ವಿದ್ಯಾರ್ಥಿನಿಯರು ಪ್ರಾಂಶುಪಾಲರಿಗೆ ಒಂದು ಪತ್ರ ಕೊಟ್ಟರು. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿಲ್ಲ. ಮೂರು ಸಲ ಬಾಯಲ್ಲಿ ಹೇಳಿದ್ದೇವೆ. ಯಾವಾಗ ಸರಿಮಾಡಿಸುತ್ತೀರಿ ತಿಳಿಸಿ. ಭಾಷೆ ನನಗೆ ಪರಿಚಿತವಾಗಿತ್ತು. ಅಧ್ಯಾಪಕರ ಸಭೆಯಲ್ಲಿ ಪ್ರಾಂಶುಪಾಲರು ಅದನ್ನು ಗಟ್ಟಿಯಾಗಿ ಓದಿ, "ನೋಡಿ, ನಮ್ಮ ಮಕ್ಕಳು ನಮಗೇ ನೋಟೀಸು ಕೊಟ್ಟಿದ್ದಾರೆ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀರಿನ ಮಾತು ಅಲ್ಲಿಗೇ ನಿಂತಿತು. ಸಭೆಯ ಉಳಿದ ಹೊತ್ತೆಲ್ಲ ಶಿಸ್ತಿನ ವಿಚಾರ. ಸಹಿ ಮಾಡಿದವರೆಲ್ಲ ಕ್ಷಮಾಪಣೆ ಬರೆದುಕೊಡಬೇಕೆಂದು ತೀರ್ಮಾನವಾಯಿತು. ರಾಜ್ಯಶಾಸ್ತ್ರದ ಮಿತ್ರರು ಮೇಜಿನ ಮೇಲಿನ ಗೆರೆಗಳನ್ನು ನೋಡುತ್ತಿದ್ದರು. "ಒಕ್ಕಣೆ ಚೆನ್ನಾಗಿರಲಿ. ನೀವು ಬರೆದುಕೊಡಿ, ಕನ್ನಡದವರು," ಎಂದು ಪ್ರಾಂಶುಪಾಲರು ನನ್ನ ಕಡೆ ತಿರುಗಿದರು.

ಬರೆದುಕೊಟ್ಟೆ. ಯಾರೂ ನನ್ನನ್ನು ಸೆರೆಮನೆಗೆ ಹಾಕುತ್ತಿರಲಿಲ್ಲ. ನನ್ನದು ಕಾಯಂ ಕೆಲಸ. ಹೆಚ್ಚೆಂದರೆ ವೇಳಾಪಟ್ಟಿಯಲ್ಲಿ ಬೆಳಗಿನ ಎಂಟು ಗಂಟೆಯ ತರಗತಿ ಬೀಳುತ್ತಿತ್ತು. ಎಂಟು ಗಂಟೆಯ ತರಗತಿಗೆ ಹೆದರಿ ನಾನು 'ಅರಿಯದೆ ಆದ ಅಪರಾಧವನ್ನು ಮನ್ನಿಸಬೇಕಾಗಿ ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುತ್ತೇನೆ' ಎಂದು ಹನ್ನೊಂದು ಜನರ ಪರವಾಗಿ ಬರೆದೆ. ವಾಕ್ಯರಚನೆ ಚೆನ್ನಾಗಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಚೆನ್ನಾಗಿತ್ತು.

ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅದನ್ನು ನಕಲು ಮಾಡಿ ಸಹಿ ಹಾಕಿದರು. ಅವಳು ಕೊನೆಗೆ ಬಂದಳು. ಬರೆದು ಮುಗಿಸಿ, ಕಾಗದವನ್ನು ನನ್ನ ಮುಂದಿಟ್ಟು, ಯಾವ ವ್ಯಂಗ್ಯವೂ ಇಲ್ಲದ ದನಿಯಲ್ಲಿ ಕೇಳಿದಳು:

"ಇದಕ್ಕೆ ಐದಕ್ಕೆ ಎಷ್ಟು ಬರುತ್ತೆ ಸಾರ್?"

ನನ್ನಲ್ಲಿ ಉತ್ತರವಿರಲಿಲ್ಲ. 'ಪದ್ಧತಿ ಹಾಗಿದೆ' ಎನ್ನಲೂ ಬಾಯಿ ಬರಲಿಲ್ಲ.

ಅಲ್ಲಿಯವರೆಗೆ ನಾನು ಬಡದೇಶ, ಅನಕ್ಷರತೆ, ಜಾತಿ, ಸೈನ್ಯ, ಬಿಟ್ಟುಹೋದ ದೊರೆಯ ಕಾಯಿದೆ, ಇವೇ ಪ್ರಜಾಪ್ರಭುತ್ವಕ್ಕೆ ಅಡ್ಡಿಗಳೆಂದು ತಿಳಿದಿದ್ದೆ. ಅವು ಅಡ್ಡಿಗಳು ನಿಜ. ಆದರೆ ಅರ್ಜಿಯಲ್ಲಿ ವಿನಯ ಸಾಲದೆಂದು ಅಂಕ ಕತ್ತರಿಸುವ ಮೇಷ್ಟರು, ನಕ್ಕರೆ ಎಲ್ಲರ ಜೊತೆ ನಗುವ ಸಭಾಸದರು, ಮೇಜಿನ ಗೆರೆ ನೋಡುವ ಪಂಡಿತರು ಇಲ್ಲದಿದ್ದರೆ ಆ ಬೀಗದ ಕೈಗಳು ತಿರುಗುವುದಾದರೂ ಹೇಗೆ? ಸೆರೆಮನೆಯ ಪತ್ರವನ್ನು ಅಧ್ಯಕ್ಷರವರೆಗೆ ಒಯ್ದು, ಉತ್ತರವಿಲ್ಲವೆಂಬುದನ್ನು ಕಂಡು, ಸುಮ್ಮನೆ ಕಡತಕ್ಕೆ ಸೇರಿಸಿದ ಗುಮಾಸ್ತರು ಘಾನಾದಲ್ಲೂ ಇದ್ದಿರಬೇಕು. ಅವರೂ ನನ್ನಂತೆ ಸಂಸಾರವಂದಿಗರೇ ಇರಬೇಕು.

ಘಾನಾದ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಸೈನ್ಯದ ಆಡಳಿತಗಳನ್ನು ಸಾಕುಸಾಕೆನಿಸುವಷ್ಟು ಕಂಡ ಆ ಜನ ೧೯೯೨ರಲ್ಲಿ ಹೊಸ ರಾಜ್ಯಾಂಗ ಮಾಡಿಕೊಂಡರು. ೨೦೦೧ರ ಜನವರಿಯಲ್ಲಿ ಮೊದಲ ಬಾರಿಗೆ ಒಂದು ಪಕ್ಷ ಸೋತು, ಇನ್ನೊಂದಕ್ಕೆ ಶಾಂತವಾಗಿ ಅಧಿಕಾರ ಬಿಟ್ಟುಕೊಟ್ಟಿತು. ೨೦೦೮ರ ಚುನಾವಣೆಯಲ್ಲಿ ಅಧ್ಯಕ್ಷ ಪದವಿ ನಿರ್ಧಾರವಾದದ್ದು ನಲವತ್ತೊಂದು ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ. ಸೋತವರು ಡಾಂಕ್ವಾ ಅವರ ಬಂಧುವರ್ಗದವರೇ ಆದ ಅಕುಫೊ-ಅಡ್ಡೊ. ಅವರು ಸೋಲನ್ನು ಒಪ್ಪಿದರು. ಎಂಟು ವರ್ಷ ಕಾದು ಮತದಿಂದಲೇ ಗೆದ್ದು ೨೦೧೭ರಲ್ಲಿ ಅಧ್ಯಕ್ಷರಾದರು. ಅಂದಮೇಲೆ ಅಭ್ಯಾಸ ಬದಲಾಗುತ್ತದೆ. ತಡವಾಗಿ, ನೋವು ತಿಂದು; ಆದರೂ ಬದಲಾಗುತ್ತದೆ.

ನನ್ನದೂ ತಡವಾಯಿತು. ಅವಳು ಈ ವರ್ಷ ಪದವಿ ಮುಗಿಸಿಕೊಂಡು ಹೋದಳು. ಹನ್ನೊಂದು ಕ್ಷಮಾಪಣೆಗಳೂ ಕಾಲೇಜಿನ ಕಡತದಲ್ಲಿ ಉಳಿದವು. ಶೌಚಾಲಯದಲ್ಲಿ ನೀರು ಈಗಲೂ ಒಂದು ದಿನ ಬಂದರೆ ಎರಡು ದಿನವಿಲ್ಲ. ಹೋದ ಸೋಮವಾರ ನಾನು ಪ್ರಾಂಶುಪಾಲರಿಗೆ ಒಂದು ಪತ್ರ ಬರೆದೆ. ಆ ಕ್ಷಮಾಪಣೆಗಳ ಒಕ್ಕಣೆ ನನ್ನದು. ಆ ಹುಡುಗಿಯರು ತಪ್ಪು ಮಾಡಿರಲಿಲ್ಲ. ಅವನ್ನು ಕಡತದಿಂದ ತೆಗೆದು ಅವರವರಿಗೆ ಹಿಂದಿರುಗಿಸಿ. ನೀರಿನ ವ್ಯವಸ್ಥೆ ಯಾವ ದಿನದೊಳಗೆ ಆಗುತ್ತದೆ ತಿಳಿಸಿ. ನಾಲ್ಕು ಸಾಲು. ಹದಿನೆಂಟು ವರ್ಷ ಅರ್ಜಿ ಕಲಿಸಿದವನಿಗೆ ಆ ನಾಲ್ಕು ಸಾಲು ಬರೆಯಲು ಒಂದು ಭಾನುವಾರ ಪೂರ್ತಿ ಬೇಕಾಯಿತು.

ಕಚೇರಿಯ ಗುಮಾಸ್ತರು ಒಳ್ಳೆಯವರು, ನನ್ನ ಮೇಲೆ ಗೌರವವುಳ್ಳವರು. ಪತ್ರವನ್ನು ಮೇಲಿಂದ ಕೆಳಗೆ ಓದಿ, ಮೊಹರು ಒತ್ತಲು ಹೋದವರು ಕೈ ತಡೆದು ಹೇಳಿದರು:

"ಸಾರ್, ಅವಸರದಲ್ಲಿ 'ಬೇಡಿಕೊಳ್ಳುತ್ತೇನೆ' ಅನ್ನೋದು ಬಿಟ್ಟುಹೋಗಿದೆ. ಇಲ್ಲೇ ಸೇರಿಸಿಬಿಡಿ, ಪೆನ್ನು ಕೊಡಲೇ?"

ಅವರು ಪೆನ್ನು ಚಾಚಿದರು. ಎದೆ ಹೊಡೆದುಕೊಳ್ಳುತ್ತಿತ್ತು. ಜಾಗವೂ ಅಲ್ಲಿ ಸಾಕಷ್ಟಿತ್ತು.

"ಬೇಡ," ಎಂದೆ. "ಹಾಗೆಯೇ ಇರಲಿ. ಮೊಹರು ಹಾಕಿ."